ಪುಟ ಹನ್ನೆರಡು ತಡೆದಿದೀನಿ

ಮಾವನವರಿಗೆ ನಮಸ್ಕಾರ.

ನಮ್ಮ ನಾಟಕ ಸಂಘದ ನಲವತ್ತು ವರ್ಷದ ಚರಿತ್ರೆ ಅಂತ ಅಧ್ಯಕ್ಷರಾದ ನೀವು ಬರೆದ ಪುಸ್ತಕ ನಾನು ಕೆಲಸ ಮಾಡೋ ಪ್ರೆಸ್ಸಿಗೇ ಬಂದಿದೆ. ಟೈಪ್ ಮಾಡ್ತಿರೋನೂ ನಾನೇ. ಅದರಲ್ಲಿ ಎಲ್ಲರೂ ಇದಾರೆ, ಪರದೆ ಎಳೆದ ಬಡಗಿ, ಕೊನೆಗೆ ಕುರ್ಚಿ ಬಾಡಿಗೆಗೆ ಕೊಟ್ಟೋನೂ. ಇಪ್ಪತ್ತಾರು ವರ್ಷ ಪರದೆ ಹಿಂದೆ ನಿಂತು ಎಲ್ಲರಿಗೂ ಮಾತು ಹೇಳಿಕೊಟ್ಟ ನಿಮ್ಮ ತಂಗಿ, ನಮ್ಮಮ್ಮ, ಮಾತ್ರ ಇಲ್ಲ. ಹನ್ನೆರಡನೇ ಪುಟದಲ್ಲಿ ‘ಮಹಿಳೆಯರೂ ಸಹಕರಿಸಿದರು’ ಅಂತ ಒಂದು ಸಾಲಿದೆ, ಅಷ್ಟೇ.

ಒಂದ್ಸಲ ರಾಜನ ಪಾರ್ಟಲ್ಲಿ ನೀವು ತಡವರಿಸಿ ಹಿಂದಿನ ಸೀನಿನ ಮಾತು ಶುರು ಮಾಡಿದಾಗ ಅಮ್ಮ ಒಳಗಿಂದ, “ಅಯ್ಯೋ ಅಣ್ಣಾ, ಅದು ಹೋದ ಸೀನು!” ಅಂದ್ಲು. ನೀವು ಕತ್ತಿ ಎತ್ತಿ ಅದನ್ನೇ ಘರ್ಜಿಸಿದ್ರಿ. ಜನ ಬಿದ್ದು ಬಿದ್ದು ನಕ್ರು. ಪುಸ್ತಕದಲ್ಲಿ ಅದು ‘ಅಧ್ಯಕ್ಷರ ಸಮಯಪ್ರಜ್ಞೆ’ ಆಗಿದೆ.

ಅಮ್ಮನ್ನ ಕೇಳಿದೆ. “ಬಿಡೋ, ಹಿಂದೆ ನಿಂತೋರು ಕಾಣಿಸಬಾರದು, ಅದೇ ನಮ್ಮ ಕೆಲಸ” ಅಂದ್ಲು. ಆಮೇಲೆ ಕನ್ನಡಕ ಹಾಕ್ಕೊಂಡು ಪುಸ್ತಕದ ಹಾಳೆಗಳನ್ನ ಮೊದಲಿಂದ ಇನ್ನೊಂದ್ಸಲ ತಿರುವಿದ್ಲು.

ಅದಕ್ಕೇ ಹನ್ನೆರಡನೇ ಪುಟ ತಡೆದಿದೀನಿ. ಸೋಮವಾರ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ ಅವಳ ಪೂರ್ತಿ ಹೆಸರು, ಮಾಡಿದ ಕೆಲಸ, ಎಷ್ಟು ವರ್ಷ ಅಂತ ನಿಮ್ಮ ಕೈಯಾರೆ ಬರೆದು ಕಳಿಸಿ. ಬೈದ್ರೂ ಸರಿ, ಪ್ರೆಸ್ಸಿನ ಯಜಮಾನರಿಗೆ ಹೇಳಿ ನನ್ನ ಹೊಟ್ಟೆ ಮೇಲೆ ಹೊಡೆಸಿದ್ರೂ ಸರಿ, ಅದು ಬರೋವರೆಗೂ ಪುಟ ಬಿಡಲ್ಲ.

ಆ ಸಾಲು ನಾನೇ ಸೇರಿಸಬಹುದಿತ್ತು, ಎರಡು ನಿಮಿಷದ ಕೆಲಸ. ಆದ್ರೆ ಮಗ ಬರೆದ್ರೆ ಅವಳು ನಂಬಲ್ಲ. ಅಣ್ಣ ಬರೀಬೇಕು.

ಇಂತಿ,
ನಿಮ್ಮ ತಂಗಿ ಮಗ