ಮಗಳ ಹೆಸರು ಅಳಿಸಿಹೋಯಿತು

ಹನ್ನೆರಡನೇ ತಾರೀಕು, ಗುರುವಾರ.

ಇವತ್ತು ಉಪವಾಸ. ಕಸ ಗುಡಿಸಿ, ಪಾತ್ರೆ ತೊಳೆದು, ಫೋನ್ ಅಂಗಡಿಗೆ ಹೋದೆ. ಧಾರಾವಾಹಿ ನೋಡುವ ಚಂದಾ ಮುಗಿದಿತ್ತು.

"ಅಕ್ಕಾ, ನೋಡೋದು ನೀವೊಬ್ಬರೇ ತಾನೇ? ಒಬ್ಬರದ್ದೇ ಹಾಕಿಸಿ, ಅಗ್ಗ" ಅಂದ ಅಂಗಡಿಯವನು. ಬುದ್ಧಿಗೆ ಮಂಕು ಕವಿದು ಹೂಂ ಅಂದುಬಿಟ್ಟೆ.

ಮನೆಗೆ ಬಂದು ನೋಡಿದರೆ ಚಂದಾದಲ್ಲಿ ನನ್ನ ಹೆಸರಿನ ಪಕ್ಕ ಇರುತ್ತಿದ್ದ ಮಗಳ ಹೆಸರೇ ಇಲ್ಲ. ಜಗಳವಾಡಿಕೊಂಡು ಹೋದವಳು ವರ್ಷದಿಂದ ಮಾತು ಬಿಟ್ಟಿದ್ದಾಳೆ. ಆದರೂ ನನ್ನ ಚಂದಾದಲ್ಲೇ ಧಾರಾವಾಹಿ ನೋಡುತ್ತಿದ್ದಳು. ಅವಳ ಹೆಸರು ಒತ್ತಿ, ಎಷ್ಟನೇ ಕಂತಿಗೆ ನಿಲ್ಲಿಸಿದ್ದಾಳೆ ಅಂತ ದಿನಾ ನೋಡಿ, ಸದ್ಯ, ಚೆನ್ನಾಗಿದ್ದಾಳೆ ಅಂದುಕೊಳ್ಳುತ್ತಿದ್ದೆ. ಇನ್ನು ಅದೂ ಇಲ್ಲ.

"ಬಿಡೇ, ಜಗಳಕ್ಕಾದರೂ ಫೋನ್ ಮಾಡ್ತಾಳೆ" ಅಂದರು ಯಜಮಾನರು. ಎಲ್ಲಿ ಮಾಡುತ್ತಾಳೆ? ಅಮ್ಮನೇ ಹೊರಗೆ ಹಾಕಿದಳು ಅಂದುಕೊಳ್ಳುತ್ತಾಳೆ.

"ಬೇಕಂತ ತೆಗೆಸಲಿಲ್ಲ ಮಗಾ" ಅಂತ ಬರೆದು ಕಳಿಸಿದೆ. ನೋಡಿದ್ದಾಳೆ, ಏನೂ ಬರೆದಿಲ್ಲ. ದೇವರೇ, ಬೈದರೂ ಸರಿ, ಅವಳದೊಂದು ಉತ್ತರ ತಂದುಕೊಡಪ್ಪಾ.