ಅಮ್ಮನ ಟೋಪಿ

ಅಕ್ಕಾ,

ನೀನು ಓದುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ; ಇದನ್ನು ಬೇರೆ ಯಾರಿಗೆ ಹೇಳಲಿ?

ಅಮ್ಮನ ಮರೆವಿಗೆ ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆ ನಡೆಯುತ್ತಿದೆ. ಕುಯ್ಯುವುದಿಲ್ಲ, ಚುಚ್ಚುವುದಿಲ್ಲ. ತಲೆಗೆ ತಂತಿಗಳ ಟೋಪಿ ಹಾಕಿ ಸಣ್ಣಗೆ ಕರೆಂಟು ಹರಿಸುತ್ತಾರೆ. "ಇರುವೆ ಹರಿದ ಹಾಗಾಗುತ್ತೆ ಕಣೇ" ಅನ್ನುತ್ತಾಳೆ ಅಮ್ಮ, ಅಷ್ಟೇ. ನನಗಂತೂ ನಂಬಿಕೆ ಇರಲಿಲ್ಲ.

ನೀನು ತೀರಿಹೋದದ್ದನ್ನೇ ಮರೆತು ಅವಳು ನನ್ನನ್ನು ನೀನೆಂದುಕೊಂಡಿದ್ದಳು. "ಚಿನ್ನೀ" ಅಂತ ನಿನ್ನನ್ನು ಕರೆದಾಗಲೆಲ್ಲ ನಾನು ಓಗೊಡುತ್ತಿದ್ದೆ. ನಿನ್ನ ಹಾಗೆ ಓರೆ ಬೈತಲೆ ತೆಗೆಯುವುದನ್ನೂ ಕಲಿತಿದ್ದೆ.

ಇವತ್ತು ಟೋಪಿ ತಲೆಯ ಮೇಲಿರುವಾಗಲೇ ಡಾಕ್ಟರು ನನ್ನನ್ನು ತೋರಿಸಿ, "ಇವರು ಯಾರು, ಹೇಳಿ ಅಮ್ಮಾ?" ಅಂದರು.

"ನನ್ನ ಪುಟ್ಟಿ. ಚಿಕ್ಕ ಮಗಳು."

ನನ್ನ ಹೆಸರನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು. ನನಗೆ ಮಾತ್ರ ಹಿಗ್ಗಲಾಗಲಿಲ್ಲ. ಮುಂದೆ ಅವಳು ಏನು ಕೇಳುತ್ತಾಳೆಂದು ಗೊತ್ತಿತ್ತಲ್ಲ.

"ಅಲ್ಲಮ್ಮಾ, ನಾನು ಚಿನ್ನಿ" ಅಂದುಬಿಟ್ಟೆ.

ಅಮ್ಮ ನನ್ನನ್ನೇ ದಿಟ್ಟಿಸಿ ನಕ್ಕಳು.

"ನಂಗೇ ಟೋಪಿ ಹಾಕ್ತೀಯೇನೇ? ಎಲ್ಲಿ ನಿನ್ನಕ್ಕ? ಕರಿ ಅವಳನ್ನ."