ಕವಿಯ ಮನೆಯಲ್ಲಿ ಭಾನುವಾರ

ಅಕ್ಟೋಬರ್ ೧೨, ಶನಿವಾರ, ಮಧ್ಯಾಹ್ನ

ಮತ್ತೆ ಅದೇ ಕೌಂಟರ್. ಪರದೇಶದ ಊರು, ಆಸ್ಪತ್ರೆಯ ನೆಲಮಾಳಿಗೆ. ಬೆಳಗ್ಗೆ ಅಕ್ಕನ ಮುಖ ತೋರಿಸಿ ಸಹಿ ಹಾಕಿಸಿಕೊಂಡಿದ್ದರು. ಹುಬ್ಬಿನ ಮೇಲೊಂದು ಗಾಯ, ಅಷ್ಟೇ. ಮಿಕ್ಕಂತೆ ಅವಳೇ. ಈಗ ಹೋದರೆ ಗುಮಾಸ್ತ ಕಿಟಕಿ ಮುಚ್ಚುತ್ತಿದ್ದ. ಇನ್ನೊಂದು ಸಹಿ ಬಾಕಿ ಇದೆಯಂತೆ. ಸೋಮವಾರ ಬಾ ಅಂದ. ಇಲ್ಲಿ ಸತ್ತವರಿಗೂ ವಾರದ ರಜೆ.

ಮಾವನ ಫೋನ್. "ಬಾಡಿ ಮನೆ ಬಾಗಿಲಿಗೆ ಬರೋ ತನಕ ನಿಮ್ಮಮ್ಮನ ಹತ್ರ ತುಟಿ ಪಿಟಿಕ್ ಅನ್ನಬೇಡ. ಅವಳ ಹಾರ್ಟ್ ವಿಷಯ ಗೊತ್ತಲ್ಲ. ಅಕ್ಕ ಐಸಿಯುನಲ್ಲಿದಾಳೆ ಅಂತಾನೇ ಹೇಳು."

ಆಯ್ತು ಮಾವ ಅಂದೆ. ಅವರದ್ದೇನು, ಹೇಳಿ ಫೋನ್ ಇಟ್ಟರು. ಅಮ್ಮನ ಫೋನ್ ಎತ್ತಬೇಕಾದವನು ನಾನು.

ಅಮ್ಮನಿಗೆ ಗೊತ್ತಿರುವುದು ಇಷ್ಟೇ - ಅಕ್ಕ ಸೈಕಲ್ಲಿನಿಂದ ಬಿದ್ದಿದ್ದಾಳೆ, ಹುಷಾರಾಗುತ್ತಿದ್ದಾಳೆ. ವ್ಯಾನ್ ಗುದ್ದಿದ್ದು, ಹೋದ ಸೋಮವಾರವೇ ಎಲ್ಲ ಮುಗಿದದ್ದು ಗೊತ್ತಿಲ್ಲ.

ಸಂಜೆ

"ಅವಳ ಕೈಗೆ ಫೋನ್ ಕೊಡೋ ಒಂದ್ನಿಮಿಷ."

"ಒಳಗೆ ಫೋನ್ ಬಿಡಲ್ಲಮ್ಮ."

"ನೀನು ಊಟ ಮಾಡಿದ್ಯಾ?"

"ಹೂಂ."

ಎರಡೂ ಸುಳ್ಳು. ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದೆ ಈಗ. ಥೂ.

ಅಕ್ಟೋಬರ್ ೧೩, ಭಾನುವಾರ, ಬೆಳಗ್ಗೆ ೯

ಅಕ್ಕನ ರೂಮಿನಲ್ಲೇ ಇದ್ದೇನೆ. ಕುರ್ಚಿಯ ಬೆನ್ನಿಗೆ ಅವಳ ಸ್ವೆಟರ್ ನೇತಾಡುತ್ತಿದೆ. ಯಾರೂ ಮುಟ್ಟಿಲ್ಲ. ನಾನೂ ಮುಟ್ಟಲಿಲ್ಲ.

ಅಕ್ಕ ಫೋನಿನಲ್ಲಿ ಜಿರಾಫೆ, ಜಿರಾಫೆ ಅನ್ನುತ್ತಿದ್ದ ರೂಮ್‌ಮೇಟ್ ಇವಳೇ. ನಿಜಕ್ಕೂ ಉದ್ದ. ಇಬ್ಬರದೂ ಹರುಕು ಮುರುಕು ಇಂಗ್ಲಿಷ್. ಇಡೀ ದಿನ ಗೋಡೆ ನೋಡುತ್ತ ಕೂರಬೇಡ, ಅವಳು ಪ್ರೀತಿಸಿದ ಊರು ನೋಡು ಅಂದಳು. ಅಕ್ಕ ಇಲ್ಲಿ ಸಾಹಿತ್ಯ ಓದಲು ಬಂದವಳು. ನಾನು ಕಾಮರ್ಸು. ಕವಿತೆಗೂ ನನಗೂ ಎಣ್ಣೆ ಸೀಗೆಕಾಯಿ. ಬರಲ್ಲ ಅಂದೆ. ಜಿರಾಫೆ ನನ್ನ ಶೂ ತಂದು ಮುಂದೆ ಇಟ್ಟಳು.

೧೧.೩೦, ಲೈಬ್ರರಿ ಮೆಟ್ಟಿಲು

ಸೇತುವೆ ನೋಡಾಯಿತು. ಎರಡೂ ಬದಿ ಕಲ್ಲಿನ ಲೇಖಕರು, ಎಲ್ಲರ ತಲೆಯ ಮೇಲೂ ಪಾರಿವಾಳದ ಹಿಕ್ಕೆ. ಈ ಲೈಬ್ರರಿಯ ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಅಕ್ಕನದಂತೆ. ಇವತ್ತು ಅಲ್ಲಿ ಯಾರೋ ಕೂತು ಸೇಬು ತಿನ್ನುತ್ತಿದ್ದ. ಎಬ್ಬಿಸಿ ಎರಡು ಬಿಡಬೇಕು ಅನ್ನಿಸಿತು. ಅವನ ತಪ್ಪೇನು ಪಾಪ.

ಹೊರಗೆ ಒಂದು ಜೋಡಿ ಕ್ಯಾಮೆರಾ ಕೊಟ್ಟು ಫೋಟೋ ತೆಗಿ ಅಂದರು. ತೆಗೆದೆ. ಸ್ಮೈಲ್ ಅಂತಲೂ ಅಂದೆ. ಅಕ್ಕ ನೆಲಮಾಳಿಗೆಯಲ್ಲಿದ್ದಾಳೆ, ನಾನಿಲ್ಲಿ ಯಾರಿಗೋ ನಗಿ ಅನ್ನುತ್ತಿದ್ದೇನೆ.

ಮಧ್ಯಾಹ್ನ ೨.೩೦, ಕವಿಯ ಮನೆ, ಒಳಗಿನ ಬೆಂಚು

ಮೊದಲಿನಿಂದ ಬರೆಯುತ್ತೇನೆ.

ಯಾವನೋ ಹಳೆಯ ಕವಿ ಬದುಕಿ ಸತ್ತ ಮನೆ. ಈಗ ಮ್ಯೂಸಿಯಂ. ಟಿಕೆಟ್ ಕೊಡುವ ಹೆಂಗಸು ಹೆಡ್‌ಫೋನ್ ಕೊಡುವಾಗ ಯಾವ ಭಾಷೆ ಅಂದಳು. ಜಿರಾಫೆ ನನಗಿಂತ ಮೊದಲೇ "ಕನ್ನಡ" ಅಂದಳು. ತಮಾಷೆ ಅಂದುಕೊಂಡೆ. ಹೆಂಗಸು ತಲೆಯಾಡಿಸಿ ಗುಂಡಿ ಒತ್ತಿದಳು.

ಮೊದಲು ಸಣ್ಣ ಕೆಮ್ಮು. ಗಟ್ಟಿಯಾಗಿ ಓದುವ ಮುಂಚೆ ಅವಳು ಕೆಮ್ಮುತ್ತಿದ್ದ ಕೆಮ್ಮು.

"ನಮಸ್ಕಾರ. ಕವಿಯ ಮನೆಗೆ ಸ್ವಾಗತ. ಬಾಗಿಲು ಗಿಡ್ಡ. ತಲೆ ಜೋಪಾನ."

ಅಕ್ಕ.

ತಲೆ ಬಡಿಸಿಕೊಂಡೆ.

ಬೇಸಿಗೆಯಲ್ಲಿ ಮ್ಯೂಸಿಯಂನವರು ಪರದೇಶದ ವಿದ್ಯಾರ್ಥಿಗಳಿಂದ ಅವರವರ ಭಾಷೆಯಲ್ಲಿ ಈ ವಿವರಣೆ ಓದಿಸಿ ರೆಕಾರ್ಡ್ ಮಾಡಿದ್ದರಂತೆ. ಕನ್ನಡದವರು ಯಾರು ಬರುತ್ತಾರೆ ಅಂತ ಜಿರಾಫೆ ನಕ್ಕಿದ್ದಳಂತೆ. ನನ್ನ ತಮ್ಮನನ್ನು ಎಳೆದುಕೊಂಡು ಬರುತ್ತೇನೆ ಅಂದಿದ್ದಳಂತೆ ಅಕ್ಕ. ಇದಕ್ಕೇ ನಿನ್ನನ್ನು ಕರೆತಂದೆ, ಮೊದಲೇ ಹೇಳಿದ್ದರೆ ನೀನು ಬರುತ್ತಿರಲಿಲ್ಲ ಅಂತ ಜಿರಾಫೆ ಅತ್ತಳು. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಹೆಡ್‌ಫೋನ್ ಮಾತ್ರ ತೆಗೆಯಲಿಲ್ಲ.

"ಗಾಬರಿಯಾಗಬೇಡಿ, ಇಲ್ಲಿನ ನೆಲ ಕಿರುಗುಟ್ಟುತ್ತದೆ. ಮುಂದೆ ಬನ್ನಿ." ಅದನ್ನೇ ಹಾಕುತ್ತೇನೆ, ಮತ್ತೆ ಹಾಕುತ್ತೇನೆ.

ಅಮ್ಮನ ಫೋನ್ ಬರ್ತಿ—

ಸಂಜೆ ೬, ರೂಮು

ಆದದ್ದು ಹೀಗೆ.

"ಅವಳ ದನಿ ಒಂದೇ ಒಂದ್ಸಲ ಕೇಳ್ಸು. ಆಮೇಲೆ ನಿನ್ನನ್ನ ಏನೂ ಕೇಳಲ್ಲ" ಅಂದಳು ಅಮ್ಮ. ನನಗೆ ಏನು ಬಡಿದಿತ್ತೋ. ಹೆಡ್‌ಫೋನನ್ನು ಫೋನಿಗೆ ಒತ್ತಿ ಹಿಡಿದು ಗುಂಡಿ ಒತ್ತಿದೆ. ಗಾಬರಿಯಾಗಬೇಡಿ ಅನ್ನುವಷ್ಟು ಕೇಳಿಸಿ ನಿಲ್ಲಿಸಿಬಿಟ್ಟೆ.

ಫೋನ್ ಕಿವಿಗೆ ಇಟ್ಟುಕೊಂಡೆ.

"ಅವಳೇ ಕಣೋ" ಅಂದಳು ಅಮ್ಮ. "ಆದ್ರೆ ಅಮ್ಮಾ ಅನ್ನಲಿಲ್ಲ."

"ಸುಸ್ತಮ್ಮ ಅವಳಿಗೆ..."

"ಸುಸ್ತಾದೋರ ದನಿ ಅಲ್ಲ ಅದು. ಏನೋ ಓದ್ತಿದಾಳೆ. ನನ್ನ ಮಗಳು ಅಮ್ಮಾ ಅನ್ನದೆ ಮಾತು ಶುರು ಮಾಡಿದ್ದೇ ಇಲ್ಲ." ಆಮೇಲೆ ಮೆಲ್ಲಗೆ, ಹಾಲು ಬಂತಾ ಅಂತ ಕೇಳುವ ಹಾಗೆ, "ಯಾವತ್ತು ಹೋದ್ಲು?"

ಮಾವನ ಮಾತು, ಹಾರ್ಟು, ಎಲ್ಲ ನೆನಪಾಯಿತು. "ಸೋಮವಾರ" ಅಂದೆ.

ಅಮ್ಮ ಕಿರುಚಲಿಲ್ಲ. ಚಿಕ್ಕಮ್ಮ ಪಕ್ಕದಲ್ಲೇ ಇದ್ದಳು, ಏನಕ್ಕ, ಏನಾಯ್ತು ಅಂತ ಕೇಳುತ್ತಿದ್ದಳು. ಅಮ್ಮನ ಉಸಿರು ಮಾತ್ರ ಜೋರಾಗಿ ಬರುತ್ತಿತ್ತು. ಮಾತ್ರೆ ಕೊಡು ಚಿಕ್ಕಮ್ಮ ಅಂತ ಕೂಗಿದೆ. ಮ್ಯೂಸಿಯಂನವರೆಲ್ಲ ತಿರುಗಿ ನೋಡಿದರು.

"ಮಾತ್ರೆ ಇರ್ಲಿ" ಅಂದಳು ಅಮ್ಮ. "ಅದನ್ನ ಮೊದಲಿಂದ ಹಾಕು. ಪೂರ್ತಿ."

ಹಾಕಿದೆ. ಮತ್ತೆ ಗಿಡ್ಡ ಬಾಗಿಲಿಗೆ ಹೋಗಿ ಶುರು ಮಾಡಿದೆ. ಕವಿ ಬರೆಯುತ್ತಿದ್ದ ಮೇಜು, ಒಲೆ, ಕನ್ನಡಿ, ಕೊನೆಯುಸಿರೆಳೆದ ಮಂಚ. ಅಕ್ಕ ಎಲ್ಲ ವಿವರಿಸುತ್ತ ಹೋದಳು. ಅಮ್ಮ ನಡುನಡುವೆ ಹೂಂ, ಹೂಂ ಅನ್ನುತ್ತಿದ್ದಳು. ಅಕ್ಕ ಸ್ಕೂಲಿಂದ ಬಂದು ಕಥೆ ಹೊಡೆಯುವಾಗ ಅನ್ನುತ್ತಿದ್ದ ಹಾಗೇ. ನಾನು ಫೋನ್ ಹಿಡಿದು ಅಳುತ್ತ ಹಿಂದೆ ಹಿಂದೆ ನಡೆದೆ. ಜಿರಾಫೆ ಜನರನ್ನು ಆಚೆ ಸರಿಸುತ್ತಿದ್ದಳು.

"ಇಲ್ಲಿಗೆ ಮುಗಿಯಿತು. ಹೆಡ್‌ಫೋನ್ ಹಿಂದಿರುಗಿಸಲು ಮರೆಯಬೇಡಿ."

ಆಗ ಅಮ್ಮ ಅತ್ತಳು.

ಅಕ್ಟೋಬರ್ ೧೪, ಸೋಮವಾರ, ಬೆಳಗ್ಗೆ

ಕೌಂಟರ್ ತೆರೆದಿದೆ. ನನ್ನ ಮುಂದೆ ಒಬ್ಬರಿದ್ದಾರೆ. ಮಾವ ಫೋನಿನಲ್ಲಿ ಉಗಿದರು. ಅಮ್ಮನಿಗೆ ಅರ್ಧ ಗಂಟೆಗೊಮ್ಮೆ ಬಿಪಿ ನೋಡುತ್ತಿದ್ದಾರಂತೆ. ಏನಾದರೂ ಆದರೆ ನೀನೇ ಹೊಣೆ ಅಂದರು. ಹೌದು, ನಾನೇ.

ಈಗ ಅಮ್ಮನದೇ ಫೋನ್ ಬಂದಿತ್ತು. ದನಿ ಪೂರ್ತಿ ಕಟ್ಟಿಹೋಗಿದೆ. "ಅವಳ ಜೊತೆನೇ ಬರ್ತೀಯ ತಾನೆ? ಒಬ್ಬಳನ್ನೇ ಬಿಡಬೇಡ."

"ಇಲ್ಲಮ್ಮ."

"ಎತ್ತೋರಿಗೆ ಹೇಳು. ಮೆಟ್ಟಿಲಲ್ಲಿ, ಬಾಗಿಲಲ್ಲಿ... ತಲೆ ಜೋಪಾನ ಅಂತ."

ಇಲ್ಲಿಯವರಿಗೆ ಅದನ್ನು ಯಾವ ಭಾಷೆಯಲ್ಲಿ ಹೇಳಲಿ. ನನ್ನ ಸಹಿ ಮುಗಿಯಿತು, ಒಳಗಿನಿಂದ ಚಕ್ರದ ಸದ್ದು ಬರುತ್ತಿದೆ. ಇಬ್ಬರು ಅಕ್ಕನನ್ನು ತಳ್ಳಿಕೊಂಡು ಬರುತ್ತಿದ್ದಾರೆ, ಬಾಗಿಲು ಕಿರಿದು, ನಾನು ಹೋಗಿ ಅವಳ ತಲೆಗೆ ಕೈ ಅಡ್ಡ ಹಿಡಿಯಬೇಕು.